ಕತೆಯೊಳಗಿನ ಊರು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಮಧ್ಯಾಹ್ನದ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಈ ಶಾಲೆಯ 2004ರ ಎಸ್ಸೆಸ್ಸೆಲ್ಸಿ ಬ್ಯಾಚಿನವನು. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಹೊಟ್ಟೆಪಾಡು ಅದು. ಅದರ ಪಕ್ಕದಲ್ಲಿ ಒಂದಿಷ್ಟು ಕತೆ ಬರೆದಿದ್ದೇನೆ, ಕೆಲವು ಅಚ್ಚಾಗಿವೆ. ಮುಖ್ಯೋಪಾಧ್ಯಾಯರು ಫೋನ್ ಮಾಡಿ "ಕತೆ ಬರೆಯೋದು ಹೆಂಗೆ ಅಂತ ನಮ್ಮ ಹುಡುಗರಿಗೆ ನಾಲ್ಕು ಮಾತು ಹೇಳು" ಅಂದರು. ಕತೆ ಬರೆಯುವುದು ಹೇಗೆ ಅಂತ ಹೇಳುವಷ್ಟು ದೊಡ್ಡವನು ನಾನಲ್ಲ. ಅದರಲ್ಲಿ ಒಂದೇ ಒಂದು ಭಾಗದ ಬಗ್ಗೆ ಮಾತಾಡುತ್ತೇನೆ: ಕತೆ ನಡೆಯುವ ಜಾಗ. ಆ ಜಾಗವನ್ನು ತಿಳಿದುಕೊಳ್ಳುವುದು ಹೇಗೆ, ತಿಳಿದದ್ದರಲ್ಲಿ ಎಷ್ಟನ್ನು ಬರೆಯುವುದು, ಎಷ್ಟನ್ನು ಬಿಡುವುದು.

ಇದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಮನೆಯ ಟ್ರಂಕಿನಲ್ಲಿ ಇದೇ ಶಾಲೆ ಕೊಟ್ಟ ಎರಡು ಟಿ.ಸಿ.ಗಳಿವೆ. ನಮ್ಮಣ್ಣನದು 1996ರದು. ಅದರಲ್ಲಿ ಬಳ್ಳಾರಿ ಜಿಲ್ಲೆ ಅಂತಿದೆ. ನನ್ನದರಲ್ಲಿ ದಾವಣಗೆರೆ ಜಿಲ್ಲೆ. ಅಣ್ಣನ ಮಗಳು ಈಗ ಇಲ್ಲೇ ಒಂಬತ್ತನೇ ತರಗತಿ. ಅವಳ ಟಿ.ಸಿ. ಬಂದಾಗ ಅದರಲ್ಲಿ ವಿಜಯನಗರ ಜಿಲ್ಲೆ ಅಂತ ಇರುತ್ತದೆ. ಮನೆ ಅದೇ, ಶಾಲೆ ಅದೇ, ಬೇವಿನ ಮರ ಅದೇ. 1997ರಲ್ಲಿ ಹರಪನಹಳ್ಳಿ ತಾಲ್ಲೂಕು ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಈಗ ಒಬ್ಬರು ಕತೆ ಬರೆಯುತ್ತಾರೆ ಅಂತಿಟ್ಟುಕೊಳ್ಳಿ. ಹೊಲದ ವ್ಯಾಜ್ಯಕ್ಕಾಗಿ ಒಬ್ಬ ರೈತ ಜಿಲ್ಲಾ ಕಚೇರಿಗೆ ಹೊರಟಿದ್ದಾನೆ. 1995 ಆದರೆ ಅವನು ಬಳ್ಳಾರಿಯ ಬಸ್ ಹತ್ತಬೇಕು. ದೂರದ ದಾರಿ, ಬುತ್ತಿ ಕಟ್ಟಿಕೊಳ್ಳಬೇಕು, ಕೆಲಸ ಆಗದಿದ್ದರೆ ಅಲ್ಲೇ ಉಳಿಯಬೇಕು. 2005 ಆದರೆ ದಾವಣಗೆರೆ. ಬೆಳಿಗ್ಗೆ ಹೋಗಿ ಬೆಣ್ಣೆದೋಸೆ ತಿಂದು ಸಂಜೆಗೆ ಮನೆ ಸೇರಬಹುದು. ಇವತ್ತಾದರೆ ಹೊಸಪೇಟೆ. ಇಷ್ಟರಲ್ಲೇ ಕತೆ ಬದಲಾಗಿಬಿಟ್ಟಿತು ನೋಡಿ. ಬಳ್ಳಾರಿಯಲ್ಲಿ ರಾತ್ರಿ ಉಳಿದವನಿಗೆ ಅಲ್ಲಿ ಯಾರೋ ಸಿಗುತ್ತಾರೆ, ಏನೋ ಆಗುತ್ತದೆ. ಸಂಜೆ ಮನೆಗೆ ಬಂದವನಿಗೆ ಅದು ಆಗುವುದಿಲ್ಲ. ರಸ್ತೆಯಲ್ಲಿ ಹೋಗುವ ಮೋಟಾರ್ ಸೈಕಲ್ಲಿನ ನಂಬರ್ ಪ್ಲೇಟ್ ಕೂಡ ಕೆಎ 34, ಕೆಎ 17, ಕೆಎ 35 ಅಂತ ಕಾಲ ಹೇಳುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ವಿಷಯ ಇನ್ನೂ ಸೊಗಸು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೂ ಮುಂಚೆ ಹರಪನಹಳ್ಳಿ ಮದ್ರಾಸಿನ ಆಡಳಿತದಲ್ಲಿತ್ತು. ತೆಂಕಣಕ್ಕೆ ದಾವಣಗೆರೆ, ಹರಿಹರ ಮೈಸೂರು ಮಹಾರಾಜರದು. ತುಂಗಭದ್ರೆ ದಾಟಿದರೆ ರಾಣೆಬೆನ್ನೂರು, ಅದು ಮುಂಬಯಿ ಪ್ರಾಂತ. ಎರಡು ದಿನದ ಬಂಡಿ ದಾರಿಯೊಳಗೆ ಮೂರು ಸರ್ಕಾರ. 1940ರಲ್ಲಿ ನಮ್ಮೂರಿನ ಹೆಣ್ಣುಮಗಳನ್ನು ದಾವಣಗೆರೆ ಕಡೆಗೆ ಕೊಟ್ಟರೆ ಅವಳನ್ನು ಬೇರೆ ರಾಜ್ಯಕ್ಕೆ ಕೊಟ್ಟಂತೆ. ಇದು ಇತಿಹಾಸದ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ ಆಗಬಹುದು, ಕತೆಗಾರನಿಗೆ ಮಾತ್ರ ಇದು ಬಂಗಾರ.

ನಮ್ಮ ಸೀಮೆಗೆ ಕತೆಗಾರರ ಬರವಿಲ್ಲ. ಬೀಚಿಯವರು 1913ರಲ್ಲಿ ಹುಟ್ಟಿದ್ದು ಹರಪನಹಳ್ಳಿಯಲ್ಲೇ. ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರು. ಅವರ ನಗೆಯಲ್ಲಿ ಕಚೇರಿ, ಠಾಣೆ, ಸಾಹೇಬ, ಗುಮಾಸ್ತ ಇವೆಲ್ಲ ಸುಮ್ಮನೆ ಬಂದದ್ದಲ್ಲ. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಆಂಧ್ರದ ಗಡಿ ಹಳ್ಳಿಗಳಲ್ಲಿ ಬಹುಕಾಲ ಮೇಷ್ಟ್ರಾಗಿದ್ದವರು. ಆ ಕಪ್ಪು ನೆಲ, ಆ ಬಿಸಿಲು, ಅಲ್ಲಿನ ಯಜಮಾನಿಕೆ, ತೆಲುಗು ಬೆರೆತ ಕನ್ನಡ ಎಲ್ಲವೂ ಅವರ ಕತೆಗಳೊಳಗೆ ಇಳಿದವು. ಅವರ 'ಅರಮನೆ' ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲಿ ಥಾಮಸ್ ಮನ್ರೋ ಪಾತ್ರವಾಗಿ ಬರುತ್ತಾನೆ.

ಮನ್ರೋ ವಿಷಯ ಸ್ವಲ್ಪ ಹೇಳಲೇಬೇಕು. ಯಾಕೆಂದರೆ ಕತೆಗಾರ ಏನನ್ನು ಹುಡುಕಬೇಕು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಕಡೆ ಇಲ್ಲ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಮನ್ರೋ ಕಲೆಕ್ಟರನಾಗಿ ಬಂದು 1807ರವರೆಗೆ ಇದ್ದ. ಪಾಳೆಯಗಾರರ ಬಲ ಮುರಿದ, ಹೊಲ ಅಳೆಸಿದ, ರೈತನ ಹೆಸರಿಗೇ ಕಂದಾಯ ಹಾಕಿದ. ಮುಂದೆ ಮದ್ರಾಸಿನ ಗವರ್ನರ್ ಆಗಿ, 1827ರಲ್ಲಿ ಇದೇ ಸೀಮೆಯ ಪತ್ತಿಕೊಂಡದಲ್ಲಿ ಕಾಲರಾ ಬಂದು ಸತ್ತ. ಇಷ್ಟು ದಫ್ತರದಲ್ಲಿದೆ. ಆದರೆ ಜನರ ಬಾಯಲ್ಲಿ ಬೇರೆಯದೇ ಮನ್ರೋ ಇದ್ದಾನೆ. ರಾಯಲಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಟ್ಟರು. ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳು ಬೃಂದಾವನದಿಂದ ಅವನ ಜೊತೆ ಮಾತಾಡಿದರು ಅನ್ನುವ ಐತಿಹ್ಯ ಇವತ್ತಿಗೂ ಹೇಳುತ್ತಾರೆ. ಕಂದಾಯ ವಸೂಲಿ ಮಾಡಲು ಬಂದ ದೊರೆ ಜನರ ಮನಸ್ಸಿನಲ್ಲಿ ಋಷಿಯಾಗಿ ಕೂತ. ಇತಿಹಾಸ ಬರೆಯುವವನು ಇವೆರಡರಲ್ಲಿ ಯಾವುದು ನಿಜ ಅಂತ ಕೇಳಬೇಕು. ಕತೆ ಬರೆಯುವವನು ಎರಡನ್ನೂ ಜೋಳಿಗೆಗೆ ಹಾಕಿಕೊಳ್ಳಬೇಕು. ಊರು ಅಂದರೆ ಬರೀ ಮಣ್ಣು ಕಲ್ಲಲ್ಲ. ಆ ಮಣ್ಣಿನ ಬಗ್ಗೆ ಜನ ಏನು ನಂಬಿದ್ದಾರೆ ಅನ್ನುವುದೂ ಊರೇ.

ಹಾಗೆಯೇ ನೀವು ಎಲ್ಲಿ ನಿಂತು ನೋಡುತ್ತೀರಿ ಅನ್ನುವುದು. ತ.ರಾ.ಸು. ಅವರು ಚಿತ್ರದುರ್ಗದ ಬಗ್ಗೆ ಒಂದರ ಮೇಲೊಂದು ಕಾದಂಬರಿ ಬರೆದರು. ಕೊನೆಯ 'ದುರ್ಗಾಸ್ತಮಾನ'ವನ್ನು ಓದಿ ಕಣ್ಣು ಒದ್ದೆ ಮಾಡಿಕೊಳ್ಳದವರು ಕಡಿಮೆ. ಆದರೆ ದುರ್ಗದ ಕೋಟೆಯ ಮೇಲೆ ನಿಂತು ನೋಡಿದರೆ ನಾವು, ಅಂದರೆ ಹರಪನಹಳ್ಳಿ ಸಂಸ್ಥಾನದವರು, ಎದುರು ಪಕ್ಷ. 1748ರ ಮಾಯಕೊಂಡದ ಕಾಳಗದಲ್ಲಿ ದುರ್ಗದ ಮದಕರಿ ನಾಯಕರು ಬಿದ್ದರು. ಎದುರಿಗಿದ್ದ ದಂಡಿನಲ್ಲಿ ನಮ್ಮ ಸೋಮಶೇಖರ ನಾಯಕರಿದ್ದರು. ದುರ್ಗದಲ್ಲಿ ಸೂತಕವಾದ ಆ ದಿನ ಹರಪನಹಳ್ಳಿಯಲ್ಲಿ ಏನಿತ್ತು? ಯಾರಾದರೂ ಕೋಟೆಯ ಈ ಕಡೆಯಿಂದ ಒಂದು ಕಾದಂಬರಿ ಬರೆಯಲಿ ಅಂತ ನನಗೆ ಬಹಳ ಆಸೆ. ಈ ಚಾಪೆಯ ಮೇಲೆ ಕೂತವರಲ್ಲೇ ಯಾರಾದರೂ ಇರಬಹುದು.

ಬರೆಯುವುದಾದರೆ ಎಲ್ಲಿ ಹುಡುಕಬೇಕು? ಡಬ್ಲ್ಯು. ಫ್ರಾನ್ಸಿಸ್ ಅನ್ನುವ ಇಂಗ್ಲಿಷ್ ಅಧಿಕಾರಿ ಸಿದ್ಧಪಡಿಸಿದ ಬಳ್ಳಾರಿ ಜಿಲ್ಲೆಯ ಗ್ಯಾಸೆಟಿಯರ್ 1904ರಲ್ಲಿ ಬಂತು. ಅದಕ್ಕೂ ಮೊದಲು 1872ರಲ್ಲಿ ಕೆಲ್ಸಾಲ್ ಎಂಬವನ ಕೈಪಿಡಿ. ಮಳೆ, ಬೆಳೆ, ಬರ, ನೇಕಾರಿಕೆ, ಜಾತ್ರೆ, ತಾಲ್ಲೂಕುವಾರು ವಿವರ ಎಲ್ಲ ಇದೆ. ಈಗ ಅವು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಆಳುವವರ ಕಣ್ಣಿನಿಂದ ಬರೆದದ್ದು, ಆದ್ದರಿಂದ ಓದುವಾಗ ಎಚ್ಚರ ಇರಲಿ. 1876ರಿಂದ 78ರ ದೊಡ್ಡ ಬರ ಅವರಿಗೆ ಪರಿಹಾರ ಕಾಮಗಾರಿಯ ಲೆಕ್ಕ. ನಮ್ಮ ಅಜ್ಜಂದಿರ ಅಜ್ಜಂದಿರಿಗೆ ಅದು ಧಾತು ಸಂವತ್ಸರದ ಬರ. ಜನಗಣತಿಯ ಜಿಲ್ಲಾ ಕೈಪಿಡಿಗಳನ್ನೂ ನೋಡಬೇಕು. ಪ್ರತಿ ಹಳ್ಳಿಯ ಮುಂದೆ ಶಾಲೆ ಇದೆಯೇ, ಅಂಚೆ ಇದೆಯೇ, ವಿದ್ಯುತ್ ಬಂದಿದೆಯೇ, ಕುಡಿಯುವ ನೀರು ಬಾವಿಯದೋ ಕೆರೆಯದೋ ಅಂತ ಬರೆದಿರುತ್ತಾರೆ. ನಿಮ್ಮ ಕತೆಯ ಅಜ್ಜಿ 1965ರಲ್ಲಿ ಸ್ವಿಚ್ ಒತ್ತಬೇಕೋ ಬುಡ್ಡಿ ಹಚ್ಚಬೇಕೋ ಅನ್ನುವುದನ್ನು ಅದು ಹೇಳುತ್ತದೆ.

ಶಾಸನಗಳನ್ನು ಮರೆಯಬೇಡಿ. ಬಾಗಳಿಯ ಕಲ್ಲೇಶ್ವರ ಗುಡಿಗೆ ಪ್ರವಾಸ ಹೋದಾಗ ನಾವೆಲ್ಲ ಕಂಬ ಎಣಿಸಿ, ಫೋಟೋ ಹೊಡೆಸಿಕೊಂಡು ಬರುತ್ತೇವೆ. ಅಲ್ಲಿನ ಕಲ್ಲುಗಳಲ್ಲಿ ಕೊರೆದ ಅಕ್ಷರ ಯಾರೂ ನೋಡುವುದಿಲ್ಲ. ಹಂಪಿ ಕನ್ನಡ ವಿಶ್ವವಿದ್ಯಾಲಯ ಬಳ್ಳಾರಿ ಜಿಲ್ಲೆಯ ಶಾಸನಗಳ ಸಂಪುಟವನ್ನೇ ತಂದಿದೆ. ದಾನ ಶಾಸನಗಳಲ್ಲಿ ಕೊಟ್ಟ ಹೊಲದ ಎಲ್ಲೆ ಬರೆಯುವ ರೀತಿ ನೋಡಿ. ಮೂಡಲಿಗೆ ಯಾವ ಕಲ್ಲು, ಪಡುವಲಿಗೆ ಯಾವ ಹಳ್ಳ, ಯಾವ ದಾರಿ ಎಲ್ಲಿ ತಿರುಗುತ್ತದೆ. ಒಂದು ವಿಶೇಷಣವೂ ಇಲ್ಲ. ಅಂದವಾದ ಹಳ್ಳ, ಮನೋಹರ ದಾರಿ ಅಂತೆಲ್ಲ ಇಲ್ಲ. ಯಾಕೆಂದರೆ ಅಲ್ಲಿ ನೆಲದ ಹಕ್ಕಿನ ಪ್ರಶ್ನೆ ಇದೆ, ನಾಳೆ ಜಗಳ ಬಂದರೆ ಆ ಸಾಲು ಸಾಕ್ಷಿ ಹೇಳಬೇಕು. ಕತೆಯಲ್ಲಿ ಜಾಗ ಬರೆಯುವಾಗಲೂ ನನಗೆ ಆ ಶಾಸನ ಬರೆದವನೇ ಮೇಷ್ಟ್ರು ಅನ್ನಿಸುತ್ತದೆ.

ಕಾಗದದಲ್ಲಿ ಸಿಗದ್ದು ಇನ್ನೂ ಬಹಳ. ಈಗ ನಮ್ಮ ಸುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳ. ಹಿಂದೆ ಬಿಳಿಜೋಳ ಇತ್ತು ಅಂತ ನಿಮಗೆಲ್ಲ ಗೊತ್ತು. ಆದರೆ ಅದರಿಂದ ಹೊಲದ ಸದ್ದು ಬದಲಾದದ್ದು ಗಮನಿಸಿದ್ದೀರಾ? ಜೋಳದ ತೆನೆ ಬಯಲಿಗೆ ಬಿಚ್ಚಿಕೊಂಡಿರುತ್ತದೆ, ಹಕ್ಕಿ ಕೂರುತ್ತವೆ. ಅದಕ್ಕೇ ಹೊಲದ ನಡುವೆ ಅಟ್ಟಣಿಗೆ ಕಟ್ಟಿ, ಕವಣೆ ಹಿಡಿದು, ಬೆಳಗಿನಿಂದ ಸಂಜೆತನಕ ಕೂಗು. ಆ ಕೂಗು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ದಾಟುತ್ತಿತ್ತು. ಮೆಕ್ಕೆಜೋಳದ ತೆನೆಗೆ ಮೇಲೆ ಸಿಪ್ಪೆಯ ಹೊದಿಕೆ. ಹಕ್ಕಿ ಕಾಯುವವರು ಬೇಕಿಲ್ಲ, ಕೂಗು ನಿಂತಿತು. ಹಕ್ಕಿ ಕಾಯುವ ನೆಪದಲ್ಲಿ ಶಾಲೆ ತಪ್ಪಿಸುವ ಹುಡುಗರೂ ಇಲ್ಲ, ಅಟ್ಟಣಿಗೆಯ ಮೇಲೆ ಕೂತು ಪಕ್ಕದ ಹೊಲದವಳ ಕಡೆ ನೋಡುವ ಪ್ರಾಯದವರೂ ಇಲ್ಲ. ಸೀತೆನಿ ಸುಡುವ ಹೊಗೆ ಇಲ್ಲ. ಬದಲಿಗೆ ಸುಗ್ಗಿಯಲ್ಲಿ ಟಾರು ರಸ್ತೆಯ ಅರ್ಧಭಾಗಕ್ಕೆ ಹಳದಿ ಕಾಳು ಹರಡಿ, ಅಂಚಿಗೆ ಕಲ್ಲಿಟ್ಟು, ರಾತ್ರಿ ಅದರ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗುವ ಮನುಷ್ಯ ಬಂದಿದ್ದಾನೆ. ಲಾರಿಯ ಬೆಳಕು ಬಿದ್ದಾಗಲೆಲ್ಲ ಅವನಿಗೆ ಎಚ್ಚರವಾಗುತ್ತದೆ. ಅವನ ಕತೆ ಯಾರು ಬರೆಯುತ್ತಾರೆ?

ಸದ್ದಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ಭಂಡಾರ, ಕಂಬಳಿ, ಡಮರು, ಧೂಳು, ಜನ, ಬಂಡಿ, ಎಲ್ಲರೂ ಬರೆಯುವುದು ಇದನ್ನೇ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ "ಸದ್ದಲೇ" ಅಂದ ಕ್ಷಣ ಅಷ್ಟು ದೊಡ್ಡ ಜನಸಾಗರ ಉಸಿರು ಹಿಡಿಯುತ್ತದಲ್ಲ, ಆ ಮೌನದಲ್ಲಿ ಎಲ್ಲೋ ಒಂದು ಮಗು ಕೆಮ್ಮಿದರೆ ಅದೂ ಕೇಳುತ್ತದೆ. ನಾನು ಆ ಜಾತ್ರೆ ಬರೆದರೆ ಆ ಕೆಮ್ಮಿನಿಂದ ಶುರು ಮಾಡುತ್ತೇನೆ.

ಈಗ ನನ್ನದೇ ಒಂದು ಕತೆಯ ವಿಷಯ. ಬರಗಾಲದಲ್ಲಿ ಒಂದು ಮನೆಯವರು ತಮ್ಮ ಹಗೇವು ತೆಗೆದು ಜೋಳ ಹೊರಗೆತ್ತುವ ಸಂದರ್ಭ ಅದರಲ್ಲಿ ಬರಬೇಕಿತ್ತು. ಮಕ್ಕಳೇ, ಹಗೇವು ಅಂದರೆ ನೆಲದೊಳಗೆ ತೋಡಿದ ಕಾಳಿನ ಕಣಜ. ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು, ಹೂಜಿಯ ಹಾಗೆ. ಸುತ್ತ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಬಂಡೆ ಎಳೆದು ಮಣ್ಣು ಮೆತ್ತುತ್ತಿದ್ದರು. ನಾನು ಹುಟ್ಟುವ ಹೊತ್ತಿಗೆ ನಮ್ಮೂರಲ್ಲಿ ಬಳಕೆಯಲ್ಲಿದ್ದ ಹಗೇವು ಉಳಿದಿರಲಿಲ್ಲ. ಅದಕ್ಕೆ ಬರೆಯುವ ಮೊದಲು ಊರಿಗೆ ಬಂದು, ಅಗಸೆಯ ಕಟ್ಟೆಯ ಮೇಲೆ ಕೂರುವ ಒಬ್ಬ ಹಿರಿಯರ ಹತ್ತಿರ ಹೋದೆ. ತೊಂಬತ್ತರ ಹತ್ತಿರದ ವಯಸ್ಸು. ಕಿವಿ ಮಂದ, ನೆನಪು ಚುರುಕು.

"ಯಜ್ಜಾ, ಹಗೇವು ತೆಗೆದು ಕಾಳು ತರಾಕ ಎಷ್ಟೊತ್ತು ಹಿಡೀತಿತ್ತು?" ಅಂದೆ.

"ಕಾಳು ತೆಗೆಯಾಕ ಏನೈತಿ ತಮ್ಮಾ, ಕಾಯಾಕ ಹಿಡಿಯಾದು" ಅಂದರು.

"ಕಾಯೋದು ಯಾಕ?"

"ಬಾಯಿ ತೆಗೆದ ಕೂಡ್ಲೆ ಇಳಿದೋನು ಮತ್ತ ಮ್ಯಾಲೆ ಬರಂಗಿಲ್ಲ. ಒಳಗ ಕೆಟ್ಟ ಗಾಳಿ ಕುಂತಿರ್ತೈತಿ. ಮುಂಜೇಲೆ ಬಾಯಿ ತೆಗೆದು ಬಿಡಬೇಕು. ಬಿಸಿಲು ಏರಿದ ಮ್ಯಾಲೆ ಕಂದೀಲು ಹಗ್ಗಕ್ಕ ಕಟ್ಟಿ ಇಳೇ ಬಿಡಬೇಕು. ಕಂದೀಲು ಆರಿತು ಅಂದ್ರ ಮತ್ತ ಕಾಯಬೇಕು. ಉರೀತು ಅಂದ್ರ ನಡಕ್ಕ ಹಗ್ಗ ಕಟ್ಟಿಗೊಂಡು ಒಬ್ಬ ಇಳೀಬೇಕು. ಹಗ್ಗ ಹಿಡಿಯೋನು ತಮ್ಮನೋ ಮಗನೋ ಆಗಿರಬೇಕು. ಕೂಲಿಯವನ ಕೈಗೆ ಆ ಹಗ್ಗ ಕೊಡತಿರಲಿಲ್ಲ."

ಇದರ ಕಾರಣ ನಿಮ್ಮ ವಿಜ್ಞಾನದ ಮೇಷ್ಟ್ರು ಹೇಳುತ್ತಾರೆ. ಮುಚ್ಚಿದ ಗುಂಡಿಯೊಳಗೆ ಕಾಳು, ಬೂಷ್ಟು ಎಲ್ಲ ಸೇರಿ ಆಮ್ಲಜನಕವನ್ನು ತಿಂದುಹಾಕುತ್ತವೆ. ಇಂಗಾಲದ ಡೈಆಕ್ಸೈಡ್ ಭಾರ, ಅದು ತಳದಲ್ಲಿ ಕೂರುತ್ತದೆ. ಕತೆಗಾರನಾಗಿ ನನಗೆ ಸಿಕ್ಕಿದ್ದು ಬೇರೆ. ಮೂರು ದಿನದಿಂದ ಒಲೆ ಹೊತ್ತದ ಮನೆ. ಹಗೇವಿನ ಬಾಯಿ ತೆಗೆದಿದೆ. ಕೆಳಗೆ ಜೋಳ ಇದೆ, ಅದರ ಹಳೇ ವಾಸನೆ ಮೇಲಕ್ಕೆ ಬರುತ್ತಿದೆ, ಮಕ್ಕಳು ಸುತ್ತ ಕೂತಿದ್ದಾರೆ. ಆದರೆ ಯಾರೂ ಇಳಿಯುವಂತಿಲ್ಲ. ಕಂದೀಲು ಇಳಿಯುತ್ತದೆ, ಆರುತ್ತದೆ. ಮತ್ತೆ ಹಚ್ಚುತ್ತಾರೆ, ಮತ್ತೆ ಆರುತ್ತದೆ. ನಡುಹಗಲು ಆಗುತ್ತದೆ. ಅಣ್ಣತಮ್ಮಂದಿರು ಆಸ್ತಿಯ ಸಲುವಾಗಿ ಮಾತು ಬಿಟ್ಟು ಎರಡು ವರ್ಷ ಆಗಿದೆ. ಈಗ ಅಣ್ಣ ಇಳಿಯಬೇಕು, ಹಗ್ಗ ತಮ್ಮನ ಕೈಯಲ್ಲಿ. ಇದನ್ನು ನಾನು ಬೆಂಗಳೂರಿನಲ್ಲಿ ಎ.ಸಿ. ಕೋಣೆಯಲ್ಲಿ ಕೂತು ಕಲ್ಪಿಸಿಕೊಳ್ಳುವುದಕ್ಕೆ ಸಾಧ್ಯವೇ ಇರಲಿಲ್ಲ. ಜಾಗದ ವಿವರ ಕೇಳಲು ಹೋದವನಿಗೆ ಅಜ್ಜ ಕತೆಯನ್ನೇ ಕೊಟ್ಟು ಕಳಿಸಿದರು. ಗೋಡೆಗೆ ಅಂಟಿದ ಕಾಳು ಕಪ್ಪಾಗಿರುತ್ತದೆ, ಅದರ ರೊಟ್ಟಿ ಒಂಥರ ಕಮಟು, ಆದರೂ ಬರದಲ್ಲಿ ಅದನ್ನೇ ತಿಂದರು ಅಂತ ಕೊನೆಗೆ ಇನ್ನೊಂದು ಮಾತು ಸೇರಿಸಿದರು. ಅದೂ ಕತೆಯಲ್ಲಿದೆ.

ನಮ್ಮ ಸಾಫ್ಟ್‌ವೇರಿನಲ್ಲೂ ಹೀಗೇ. ಬಳಸುವವರ ಪಕ್ಕ ಕೂತು ಅವರು ಹೇಗೆ ಕೆಲಸ ಮಾಡುತ್ತಾರೆ ಅಂತ ನೋಡದೆ ಬರೆದ ಪ್ರೋಗ್ರಾಂ ಎಷ್ಟೇ ಚೆಂದ ಇದ್ದರೂ ಮೂಲೆ ಸೇರುತ್ತದೆ. ಈಗ ಪ್ರಶ್ನೆ ಕೇಳಿದರೆ ಉತ್ತರ ಬರೆದುಕೊಡುವ ಯಂತ್ರಗಳು ಬಂದಿವೆ. ನನ್ನ ಕೆಲಸದಲ್ಲಿ ದಿನಾ ಬಳಸುತ್ತೇನೆ. ಒಮ್ಮೆ ತಮಾಷೆಗೆ ಹರಪನಹಳ್ಳಿಯ ಒಂದು ಹಳ್ಳಿ ವರ್ಣಿಸು ಅಂದೆ. ಹಚ್ಚ ಹಸಿರು ಗದ್ದೆ, ಜುಳುಜುಳು ತೊರೆ, ತೆಂಗಿನ ಸಾಲು. ನಮ್ಮ ಮಸಾರಿ ಹೊಲದವರು ಯಾರಾದರೂ ಆ ಊರು ಕಂಡರೆ ಹೇಳಿ, ನಾನೂ ಒಂದೆಕರೆ ಕೊಳ್ಳುತ್ತೇನೆ.

ಇನ್ನು ಸ್ವಲ್ಪ ಕಷ್ಟದ ಮಾತು. ಹಿರಿಯರು ಬೇಸರ ಮಾಡಿಕೊಳ್ಳಬಾರದು.

ಒಂದು ಕತೆಗಾಗಿ ನಾವು ಚಿಕ್ಕವರಿದ್ದಾಗಿನ ನಮ್ಮೂರಿನ ನಕ್ಷೆ ಬರೆಯುತ್ತಿದ್ದೆ. ಅಗಸೆ, ಗುಡಿ, ಹಿಟ್ಟಿನ ಗಿರಣಿ, ಹೋಟೆಲು, ಸಿಹಿನೀರಿನ ಬಾವಿ, ಶಾಲೆ. ನನ್ನ ಜೊತೆ ಹತ್ತನೇ ತರಗತಿ ಓದಿದ ಗೆಳೆಯನೊಬ್ಬ ಈಗ ಗಾರೆ ಕೆಲಸದ ಮೇಸ್ತ್ರಿ. ಊರ ಹೊರಗಿನ ಕೇರಿಯವನು. ಅವನಿಗೂ ಒಂದು ಹಾಳೆ ಕೊಟ್ಟು ನೀನೂ ಬರಿ ಅಂದೆ. ಅವನು ಮೇಸ್ತ್ರಿ, ಗೆರೆ ನನಗಿಂತ ನೆಟ್ಟಗೆ ಎಳೆದ. ಅವನ ನಕ್ಷೆಯಲ್ಲಿ ಕೇರಿ ನಡುವೆ ಇತ್ತು. ಹಳ್ಳದ ಚಿಲುಮೆ ಇತ್ತು. ಕೇರಿಯಿಂದ ಶಾಲೆಗೆ ಬರುವ ದಾರಿ ಊರೊಳಗೆ ಹಾದಿರಲಿಲ್ಲ, ಕೆರೆ ಏರಿಯ ಮೇಲಿಂದ ಸುತ್ತಿ ಬಂದಿತ್ತು. ಸಿಹಿನೀರಿನ ಬಾವಿ ಇರಲಿಲ್ಲ.

"ಬಾವಿ ಹಾಕಲಿಲ್ಲಲ್ಲೋ" ಅಂದೆ.

"ಅದು ನಿಮ್ಮ ನಕ್ಷೆದಾಗ ಐತಲ್ಲ, ಬಿಡು" ಅಂದ. ಸಿಟ್ಟಿನಿಂದಲ್ಲ, ನಗುತ್ತಲೇ ಅಂದ. ಚಾ ಕುಡಿದೆವು.

ಆ ಎರಡು ಹಾಳೆಗಳನ್ನೂ ಇಟ್ಟುಕೊಂಡಿದ್ದೇನೆ. ಹಳ್ಳಿಯ ಬಗ್ಗೆ ಬರೆಯುವಾಗ ಬಾವಿಕಟ್ಟೆಯಲ್ಲಿ ಊರ ಹೆಂಗಸರೆಲ್ಲ ಸೇರಿ ನಗುತ್ತಾ ನೀರು ಸೇದುತ್ತಿದ್ದರು ಅಂತ ಒಂದು ಸಾಲು ಬಹಳ ಸಲೀಸಾಗಿ ಬರುತ್ತದೆ. ಓದಲು ಚೆಂದ. ಆದರೆ ಆ 'ಎಲ್ಲ' ಅನ್ನುವ ಪದದಲ್ಲಿ ಯಾರಿದ್ದರು, ಯಾರು ಕೊಡ ಹಿಡಿದು ದೂರದಲ್ಲಿ ಯಾರಾದರೂ ಹಾಕಲಿ ಅಂತ ನಿಂತಿದ್ದರು? ಹೋಟೆಲಿನ ವರ್ಣನೆಯಲ್ಲಿ ಮಂಡಕ್ಕಿ ಒಗ್ಗರಣೆಯ ಘಮ, ಮೆಣಸಿನಕಾಯಿ ಬಜ್ಜಿಯ ಬಾಣಲೆ ಬಂದರೆ ಸಾಲದು. ಕಿಟಕಿಯ ಹೊರಗಿನ ಗೂಡಿನಲ್ಲಿ ಬೇರೆ ಇಟ್ಟಿದ್ದ ಲೋಟ ಕೂಡ ಬರಬೇಕು. ದೇವನೂರ ಮಹಾದೇವ ಅವರ 'ಕುಸುಮಬಾಲೆ' ಬಂದಾಗ ಕನ್ನಡ ಓದುಗರಿಗೆ ಹೊಸ ಭಾಷೆ ಅನ್ನಿಸಿದ್ದು ಭಾಷೆಯಿಂದ ಮಾತ್ರವಲ್ಲ ಅಂತ ನನ್ನ ಅಭಿಪ್ರಾಯ. ಊರನ್ನು ಯಾವ ಕೇರಿಯಿಂದ ನೋಡುತ್ತಾರೆ ಅನ್ನುವುದೂ ಅಲ್ಲಿ ಬದಲಾಗಿತ್ತು.

ಹಾಗಂತ ಕಂಡದ್ದೆಲ್ಲ ಬರೆಯುವ ಹಕ್ಕು ಕತೆಗಾರನಿಗಿದೆಯೇ? ಹಿಂದೆ ಗುಳೆ ಹೋಗಿ ಮಲೆನಾಡಿನ ಕಾಫಿ ತೋಟದಲ್ಲಿ ದುಡಿದು ಬಂದ ಒಬ್ಬ ತಾಯಿ ನನಗೆ ತಮ್ಮ ಬದುಕು ಹೇಳಿದರು. ಲೈನಿನ ಮನೆಗಳು, ಜಿಗಣೆ, ಬಿಡದ ಮಳೆ, ಒಣಗದ ಬಟ್ಟೆ. ನಮ್ಮ ಬಯಲುಸೀಮೆಯ ಹೆಂಗಸಿಗೆ ಮಳೆ ಅಂದರೆ ಹಬ್ಬ. ಅಲ್ಲಿ ಮಳೆ ಅಂದರೆ ಮಗುವಿಗೆ ಜ್ವರ. ಅಲ್ಲಿ ಅವರಿಗೆ ಆದ ಒಂದು ನೋವನ್ನೂ ಹೇಳಿದರು. ಹೇಳಿ ಮುಗಿಸಿ, "ಬರಿ ಯಪ್ಪಾ, ಆದ್ರ ನಮ್ಮ ಓಣಿ ಗುರುತು ಸಿಗಬಾರದು. ಮೊಮ್ಮಗಳ ಲಗ್ನ ಐತಿ" ಅಂದರು.

ಎರಡು ವರ್ಷ ಆ ಕತೆ ಮುಟ್ಟಲಿಲ್ಲ. ಆಮೇಲೆ ಬರೆದೆ. ಓಣಿ ಬದಲಿಸಿದೆ, ಊರು ಬದಲಿಸಿದೆ, ಬೇವಿನ ಮರದ ಜಾಗದಲ್ಲಿ ಹುಣಸೆ ನೆಟ್ಟೆ, ಮೊಮ್ಮಗಳನ್ನು ಮೊಮ್ಮಗ ಮಾಡಿದೆ. ಒಣಗದ ಬಟ್ಟೆಯನ್ನು, ಒಲೆಯ ಮೇಲೆ ತಂತಿ ಕಟ್ಟಿ ಮಗುವಿನ ಅಂಗಿ ಹೊಗೆಗೆ ಒಣಗಿಸಿದ್ದನ್ನು ಬದಲಿಸಲಿಲ್ಲ. ಅಚ್ಚಾಗುವ ಮೊದಲು ಅವರ ಮನೆಗೆ ಹೋಗಿ ಪೂರ್ತಿ ಓದಿ ಹೇಳಿದೆ. ಅವರು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಿ ಅಲ್ಲ, ಕುಲಾಯಿ" ಅಂದರು. ಕುಲಾಯಿ ಅಂತ ತಿದ್ದಿದೆ. ಮನೆಯ ದಿಕ್ಕು ಬದಲಿಸಬಹುದು, ಮರ ಬದಲಿಸಬಹುದು. ಯಾವುದನ್ನು ಬದಲಿಸಿದರೆ ಆ ಜೀವದ ನೋವು ಸುಳ್ಳಾಗುತ್ತದೋ ಅದನ್ನು ಮುಟ್ಟಬಾರದು, ಅಷ್ಟು ನನ್ನ ಲೆಕ್ಕ.

ಊರಿಗೆ ಹೊಸ ಹೆಸರು ಇಡುವುದೂ ಇದಕ್ಕೇ. ಆರ್.ಕೆ. ನಾರಾಯಣ್ 1935ರಲ್ಲಿ ಮಾಲ್ಗುಡಿ ಅಂತ ಇಲ್ಲದ ಊರೊಂದನ್ನು ಕಟ್ಟಿದರು. ಶಂಕರನಾಗ್ ಅದನ್ನು ಆಗುಂಬೆಯಲ್ಲಿ, ಅರಸಾಳು ರೈಲು ನಿಲ್ದಾಣದಲ್ಲಿ ಚಿತ್ರಿಸಿದರು. ಈಗ ಅರಸಾಳಿನಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವೇ ಇದೆ. ಕಾಗದದ ಊರಿಗೆ ನಿಜವಾದ ಸ್ಟೇಷನ್ ಸಿಕ್ಕಿತು! ಹೆಸರು ಕಲ್ಪಿತವಾದರೂ ಊಟ, ದಾರಿ, ಸೆಕೆ ನಿಜವಾಗಿದ್ದರೆ ಜನ ಅದನ್ನು ಹುಡುಕಿಕೊಂಡು ಬರುತ್ತಾರೆ.

ಕಲೆ ಹಾಕಿದ್ದನ್ನೆಲ್ಲ ಕತೆಗೆ ಸುರಿಯುವ ರೋಗ ಒಂದಿದೆ, ಅದರ ಬಗ್ಗೆ ಎರಡೇ ಮಾತು. ಪಾತ್ರ ಉಚ್ಚಂಗಿದುರ್ಗದ ಮೆಟ್ಟಿಲು ಹತ್ತುವಾಗ ಕತೆಗಾರ ನಡುವೆ ನಿಂತು ಕೋಟೆಯ ಇತಿಹಾಸ ಎರಡು ಪುಟ ಹೇಳಿದರೆ, ಪಾತ್ರ ಪಾಪ ಅಲ್ಲೇ ಬಿಸಿಲಿನಲ್ಲಿ ಕಾಯುತ್ತಾ ನಿಂತಿರುತ್ತದೆ. ಅವಳು ಯಾಕೆ ಹತ್ತುತ್ತಿದ್ದಾಳೆ? ಹರಕೆಗಾದರೆ ಅವಳಿಗೆ ಕಾಣುವುದು ಮೆಟ್ಟಿಲು ಮತ್ತು ತನ್ನ ಉಸಿರು. ಪ್ರವಾಸಿಯಾದರೆ ಕಾಣುವುದು ಕೋಟೆ. ಓಡಿ ಬಂದವಳಾದರೆ ಹಿಂದೆ ಯಾರು ಬರುತ್ತಿದ್ದಾರೆ ಅನ್ನುವುದು ಮಾತ್ರ. ಭೈರಪ್ಪನವರು 'ಪರ್ವ' ಬರೆಯುವ ಮೊದಲು ಹಿಮಾಲಯದ ತಪ್ಪಲು, ಕುರುಕ್ಷೇತ್ರ, ದ್ವಾರಕೆ ಅಂತ ಅಲೆದರು. ಆ ತಿರುಗಾಟವೆಲ್ಲ ಕಾದಂಬರಿಯಲ್ಲಿ ಪ್ರವಾಸ ಕಥನವಾಗಿ ಇಲ್ಲ, ಪಾತ್ರಗಳ ಚಳಿ, ದಣಿವು, ಹಸಿವಾಗಿ ಇದೆ.

ಮಾತು ಉದ್ದವಾಯಿತು, ಪ್ರಸಾದದ ಹೊತ್ತೂ ಆಯಿತು. ಕೊನೆಗೆ ಒಂದು ಕೆಲಸ ಕೊಡುತ್ತೇನೆ. ಗ್ರಂಥಾಲಯಕ್ಕೆ ಫ್ರಾನ್ಸಿಸನ ಗ್ಯಾಸೆಟಿಯರಿನ ನಮ್ಮ ತಾಲ್ಲೂಕಿನ ಭಾಗವನ್ನು ಪ್ರಿಂಟ್ ಹಾಕಿಸಿ ತಂದುಕೊಟ್ಟಿದ್ದೇನೆ. ಅದರ ಜೊತೆ ಇನ್ನೂರು ಡ್ರಾಯಿಂಗ್ ಹಾಳೆಗಳಿವೆ. ಎಂಟು, ಒಂಬತ್ತನೇ ತರಗತಿಯವರು ಈ ದಸರಾ ರಜೆಯಲ್ಲಿ ಒಬ್ಬೊಬ್ಬರು ಒಂದು ನಕ್ಷೆ ಬರೆಯಿರಿ. ನಿಮ್ಮ ಮನೆಯನ್ನು ಹಾಳೆಯ ನಡುವೆ ಇಡಿ. ಮನೆಯಲ್ಲಿರುವ ಅತಿ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ನಿಮ್ಮಷ್ಟಿದ್ದಾಗ ಏನೇನು ಎಲ್ಲೆಲ್ಲಿತ್ತು ಅಂತ ಕೇಳಿ. ಹಗೇವು ಎಲ್ಲಿದ್ದವು, ಯಾವ ದಾರಿಯಲ್ಲಿ ಯಾರು ಹೋಗುತ್ತಿರಲಿಲ್ಲ, ಹೊಲಗಳಿಗೆ ಏನು ಹೆಸರಿತ್ತು. ಹಗೇವು ತೆಗೆಯುವುದನ್ನು ಹೇಳಿದ ಆ ಅಜ್ಜ ಕಳೆದ ಆಷಾಢದಲ್ಲಿ ತೀರಿಕೊಂಡರು. ನಮ್ಮೂರ ಹೊಲಗಳ ಹೆಸರು ಇನ್ನೂ ಹನ್ನೊಂದು ಕೇಳುವುದಿತ್ತು ಅವರ ಹತ್ತಿರ.

ಹಾಳೆಗಳು ಕನ್ನಡ ಮೇಷ್ಟ್ರ ಹತ್ತಿರ ಇವೆ. ಸೋಮವಾರದಿಂದ ಕೊಡುತ್ತಾರೆ.